ಕೈತುತ್ತು ಬೇಡವೆಂದ ಮೊಮ್ಮಗಳು

ತಾಸ್‌ಬುಲಾಕ್
ಆಗಸ್ಟ್ ಹನ್ನೊಂದು, ಸೋಮವಾರ ಬೆಳಿಗ್ಗೆ

ಅಕ್ಮಾರಲ್, ಮಗಳೇ,

ಹೇಗಿದ್ದೀಯ? ಹೊಟ್ಟೆಯ ಹೊಲಿಗೆ ಬಿಚ್ಚಿದರೇ? ಎದ್ದು ಓಡಾಡಲು ಡಾಕ್ಟರು ಹೇಳಿದ್ದಾರೆಂದು ಎರ್ಮೆಕ್ ಫೋನು ಮಾಡಿದಾಗ ತಿಳಿಸಿದ. ಓಡಾಡು, ಆದರೆ ನೀರಿನ ಬಕೆಟ್ ಎತ್ತಬೇಡ. ನನ್ನ ಕೈಬರಹ ಕಂಡು ನಿನ್ನ ಜೀವ ಬಾಯಿಗೆ ಬರುವ ಮೊದಲೇ ಹೇಳಿಬಿಡುತ್ತೇನೆ: ನಿನ್ನ ಮಗಳು ಐಗಾನಿಮ್ ಚೆನ್ನಾಗಿದ್ದಾಳೆ. ಮೈಮೇಲೆ ಒಂದು ದದ್ದೂ ಇಲ್ಲ. ಈಗ ಅಂಗಳದಲ್ಲಿ ಕರುವಿಗೆ ಹಗ್ಗ ಕಟ್ಟಿ ಕುದುರೆಯ ಹಾಗೆ ನಡೆಯಲು ಕಲಿಸುತ್ತಿದ್ದಾಳೆ. ಕರು ಕಲಿಯುವ ಲಕ್ಷಣ ಕಾಣುತ್ತಿಲ್ಲ.

ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ ನನಗೇ ನೆನಪಿಲ್ಲ. ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸಬಹುದಿತ್ತು. ಆದರೆ ನೀವು ಅದನ್ನು ಅಡುಗೆಮನೆಯಲ್ಲಿ ಜೋರಾಗಿ ಹಾಕಿಕೊಂಡು ಪಾತ್ರೆ ತೊಳೆಯುತ್ತೀರಿ, ಬಂದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಈ ಮಾತು ಮೊದಲು ನಿನ್ನ ಕಣ್ಣಿಗೆ ಬೀಳಬೇಕು, ಆಮೇಲೆ ಬೇಕಾದರೆ ನಿನ್ನ ಗಂಡ, ನನ್ನ ಮಗ ಎರ್ಮೆಕನ ಕಿವಿಗೆ. ಮೊನ್ನೆ ಶನಿವಾರ ದೊಡ್ಡ ಮನೆಯ ಔತಣದಲ್ಲಿ ನಲವತ್ತು ಜನರ ಎದುರು ನಾನೊಂದು ಮಾತು ಆಡಿಬಿಟ್ಟೆ. ನಮ್ಮ ಬಳಗದ ಹೆಂಗಸರು ನಿನಗೆ ಗೊತ್ತಲ್ಲ, ಒಂದು ಇದ್ದದ್ದು ಹತ್ತಾಗಿ ಅಲ್ಮಾಟಿಗೆ ಬರುತ್ತದೆ. ಅದಕ್ಕೆ ಮುಂಚೆ ನನ್ನ ಕೈಯಿಂದಲೇ ನಿನಗೆ ತಿಳಿಯಲಿ ಎಂದು ನಾಳೆಯ ಬಸ್ಸಿನ ಡ್ರೈವರ್ ಕೈಗೆ ಈ ಕಾಗದ ಕೊಡುತ್ತಿದ್ದೇನೆ. ಓದಿದ ಮೇಲೆ ನೀನು ಮಗುವನ್ನು ಮತ್ತೆಂದೂ ನನ್ನ ಹೊಸ್ತಿಲಿಗೆ ಕಳಿಸದೆ ಇರಬಹುದು. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆಸ್ಪತ್ರೆಗೆ ಸೇರುವ ಹಿಂದಿನ ದಿನ ನೀನು ಫೋನು ಮಾಡಿ, ಮಗುವನ್ನು ಮೂರು ವಾರ ಇಟ್ಟುಕೊಳ್ಳುತ್ತೀರಾ ಎಂದು ಕೇಳಿದೆಯಲ್ಲ, ಆಗ ನಿನ್ನ ದನಿಯಲ್ಲಿ ಎಷ್ಟು ಭಯವಿತ್ತೆಂದು ನನಗೆ ಗೊತ್ತಾಯಿತು. ಆ ಭಯ ಆಪರೇಷನ್ನಿನದ್ದಲ್ಲ, ನನ್ನದು. ನಿನಗೆ ತಾಯಿ ಇಲ್ಲ, ಎರ್ಮೆಕ್ ಪಶ್ಚಿಮದ ಎಣ್ಣೆಬಾವಿಯಲ್ಲಿ ಪಾಳಿಯ ಮೇಲಿದ್ದ, ಬೇರೆ ದಾರಿಯಿಲ್ಲದೆ ನನ್ನನ್ನು ಕೇಳಿದೆ. ಎರಡು ವರ್ಷವಾಗುತ್ತಾ ಬಂತು ನಾನು ಆ ಮಗುವಿನ ಮುಖ ನೋಡಿ. ಖುಷಿಯಿಂದ ಒಪ್ಪಿಕೊಂಡೆ. ಫೋನಿಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅತ್ತೆ.

ಬಸ್ಸಿಳಿದ ಐಗಾನಿಮಳ ಕೈಯಲ್ಲಿ ಬಟ್ಟೆಯ ಚೀಲಕ್ಕಿಂತ ಔಷಧಿಯ ಚೀಲವೇ ದೊಡ್ಡದಿತ್ತು. ನೀನು ಬರೆದುಕೊಟ್ಟ ಮೂರು ಹಾಳೆಗಳನ್ನು ಬಂದ ಕೂಡಲೇ ನನ್ನ ಫ್ರಿಜ್ಜಿಗೆ ಅಂಟಿಸಿದಳು. ಸತ್ಯ ಹೇಳಲೇ? ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಸಾಮೂಹಿಕ ಡೇರಿಯಲ್ಲಿ ಹಾಲು ಕರೆದವಳು ನಾನು. ಜಿಲ್ಲೆಯಲ್ಲೇ ಹೆಚ್ಚು ಹಾಲು ಕರೆದವಳೆಂದು ಎದೆಗೆ ಪದಕ ಚುಚ್ಚಿಸಿಕೊಂಡವಳು. ಮನೆಯೊಳಗೆ ಹಾವು ಬಂದರೂ ತಲೆಯ ಮೇಲೆ ಹಾಲು ಹೊಯ್ದು ಮರ್ಯಾದೆಯಿಂದ ಕಳಿಸುವ ಜನ ನಾವು. ಅಂಥ ಮನೆಯ ಗೋಡೆಯ ಮೇಲೆ "ಹಾಲು ಬೇಡ, ಬೆಣ್ಣೆ ಬೇಡ, ಕೆನೆ ಬೇಡ, ಮೊಸರು ಬೇಡ" ಎಂದು ಮೂರು ಹಾಳೆ! ಅಜ್ಜಿಗೆ ಕೆಮ್ಮು ಕಲಿಸಲು ಬಂದಿದ್ದಾರೆ ಅಂದುಕೊಂಡೆ.

ಕಲಿಸಿಯೇ ಬಿಟ್ಟಳು. ಸಂಜೆ ನನ್ನನ್ನು ಕೂರಿಸಿ, ಹಾಲು ಒಳಗೆ ಹೋಗಿ ಉಸಿರು ಕಟ್ಟಿದರೆ ಚುಚ್ಚುವ ಇಂಜೆಕ್ಷನ್ ಪೆನ್ನಿನದೇ ಸೂಜಿಯಿಲ್ಲದ ಅಭ್ಯಾಸದ ಪೆನ್ನು ಕೈಗೆ ಕೊಟ್ಟು, ತನ್ನ ತೊಡೆಯನ್ನು ಮುಂದೆ ಚಾಚಿದಳು. ಬಟ್ಟೆಯ ಮೇಲಿಂದಲೇ ಒತ್ತಬೇಕಂತೆ, ಒತ್ತಿ ಹಿಡಿದು ಎಣಿಸಬೇಕಂತೆ, ಆಮೇಲೆ ಆಂಬುಲೆನ್ಸಿಗೆ ಫೋನು ಮಾಡಬೇಕಂತೆ. ನಾನು ಒತ್ತುವಾಗ ಕಣ್ಣು ಮುಚ್ಚಿದೆ. "ಅಜೆ, ಕಣ್ಣು ಮುಚ್ಚಬೇಡ. ನೀನು ಕಣ್ಣು ಮುಚ್ಚಿದ್ರೆ ನನಗೆ ಚುಚ್ಚೋರು ಯಾರು?" ಅಂದಳು. ಇಪ್ಪತ್ತು ಸಲ ಮಾಡಿಸಿದಳು. ಡೇರಿಯ ಮೇಲ್ವಿಚಾರಕನೂ ನನ್ನಿಂದ ಇಷ್ಟು ಕೆಲಸ ತೆಗೆದಿರಲಿಲ್ಲ.

ಮರುದಿನ ಬೆಳಿಗ್ಗೆಯೇ ನಾನು ತಪ್ಪಿದೆ. ಬಟ್ಟಲಿಗೆ ಮೊದಲು ಹಾಲು, ಆಮೇಲೆ ಚಹಾ ಹೊಯ್ದು ರೂಢಿಯಾದ ಕೈ ಇದು. ಅವಳ ಬಟ್ಟಲಿಗೆ ಹಾಲು ಹಾಕಲಿಲ್ಲ ಎಂದು ಹೆಮ್ಮೆಪಡುತ್ತಿದ್ದೆ, ಆದರೆ ಹಾಲು ಕಲಕಿದ ಚಮಚದಿಂದಲೇ ಅವಳ ಸಕ್ಕರೆ ಕಲಕಿದ್ದೆ. ಮಗು ಕುಡಿಯಲಿಲ್ಲ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ತಂದಿಟ್ಟು, "ಅಜೆ, ಇದು ಆ ಚಮಚ. ಪರವಾಗಿಲ್ಲ, ಬೇರೆ ಬಟ್ಟಲು ಕೊಡು" ಅಂದಳು. ಬೈದಿದ್ದರೆ ನನಗೆ ಸುಲಭವಿತ್ತು. ಆವತ್ತೇ ಅವಳಿಗೆಂದು ಹೊಸ ಬಟ್ಟಲು, ಹೊಸ ಚಮಚ, ಹೊಸ ಸೌಟು ತಂದು ಬೇರೆ ಗೂಡಿನಲ್ಲಿಟ್ಟೆ.

ಅವಳು ಎಷ್ಟು ಜಾಣೆಯೆಂದು ನಿನಗೆ ಗೊತ್ತು, ಆದರೂ ನನ್ನ ಕಣ್ಣಿಂದ ಒಮ್ಮೆ ನೋಡು. ಯಾರು ಏನು ಕೊಟ್ಟರೂ ಮೂರು ಪ್ರಶ್ನೆ: ಇದರಲ್ಲಿ ಏನೇನಿದೆ, ಯಾರು ಮಾಡಿದ್ದು, ಯಾವ ಸೌಟಿನಿಂದ ಬಡಿಸಿದ್ದು. ಅಂಗಡಿಯಲ್ಲಿ ನನ್ನ ಕನ್ನಡಕ ಕಿತ್ತು ತಾನೇ ಹಾಕಿಕೊಂಡು, ಅದರಿಂದ ಏನೂ ಕಾಣದೆ ಮತ್ತೆ ತೆಗೆದು, ಸಾಸೇಜಿನ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಓದಿದಳು. ಅದರಲ್ಲಿ ಹಾಲಿನ ಪುಡಿಯಿತ್ತು. ಮಾಂಸಕ್ಕೆ ಹಾಲಿನ ಪುಡಿ ಯಾಕಪ್ಪಾ ಎಂದು ನಾನು ಅಂಗಡಿಯವನ ಮೇಲೆ ಹಾರಿಬಿದ್ದೆ. "ಅವರೇನು ಮಾಡಿದ್ರು ಅಜೆ, ಅವರು ಮಾರೋರು ಅಷ್ಟೇ. ಬಾ" ಎಂದು ನನ್ನ ತೋಳು ಹಿಡಿದು ಹೊರಗೆ ಕರೆತಂದಳು. ಪಕ್ಕದ ಮನೆಯ ಮಕ್ಕಳು ಬಿಸ್ಕತ್ತು ಕೊಡಲು ಬಂದರೆ, "ನಾನು ತಿಂದ್ರೆ ಊದಿಕೊಂಡು ಒಂಟೆ ಥರ ಆಗ್ತೀನಿ, ನೋಡ್ಬೇಕಾ?" ಎಂದು ನಗಿಸಿ ಕಳಿಸಿದಳು.

ಹಾಗಾದರೆ ನನಗೇಕೆ ಭಯ? ದೊಡ್ಡ ಮನೆಯಿಂದ ಕರೆ ಬಂತು, ಅದಕ್ಕೆ. ನಮ್ಮ ದೊಡ್ಡವರ ಮರಿಮಗ ಹೆಜ್ಜೆ ಹಾಕಲು ಶುರು ಮಾಡಿದ್ದಾನೆ, ಕಾಲಿಗೆ ಕಟ್ಟಿದ ದಾರ ಕತ್ತರಿಸುವ ಶಾಸ್ತ್ರ, ಆಮೇಲೆ ಊಟ. ಆ ದೊಡ್ಡವರು, ನಿನ್ನ ತೀರಿಹೋದ ಮಾವನ ಅಣ್ಣ, ಎಂಥವರೆಂದು ನೀನು ಕಂಡಿದ್ದೀಯ. ಎಂಬತ್ತನಾಲ್ಕು ವರ್ಷ, ಕಿವಿ ಮಂದ, ದನಿ ಮಾತ್ರ ಗುಡುಗು. ಅವರ ಹೆಸರನ್ನು ನಾನು ಸೊಸೆಯಾಗಿ ಬಂದ ಈ ನಲವತ್ತಾರು ವರ್ಷದಲ್ಲಿ ಒಂದು ಸಲವೂ ಬಾಯಿಂದ ಆಡಿಲ್ಲ. ಗಂಡನ ಕಡೆಯ ಹಿರಿಯರ ಹೆಸರು ಹಿಡಿಯಬಾರದೆಂದು ನನ್ನ ಅತ್ತೆ ಮೊದಲ ದಿನವೇ ಕಿವಿ ಹಿಂಡಿ ಹೇಳಿದ್ದಳು. ಅವರೆದುರು ನಾನು ಆಡಿದ ಒಟ್ಟು ಮಾತು ಒಂದೇ, "ಆಗಲಿ ದೊಡ್ಡವರೇ."

ಮತ್ತೆ ಅವರ ಕೈತುತ್ತು. ಊಟದ ಕೊನೆಗೆ ಹರಿವಾಣದಲ್ಲಿ ಉಳಿದ ಮಾಂಸವನ್ನು ಸಾರಿನಲ್ಲಿ ಅದ್ದಿ, ಮುಷ್ಟಿ ತುಂಬ ತೆಗೆದು, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಬಾಯಿಗೆ ತುರುಕುವುದು. ಹಿರಿಯರ ಆಯುಸ್ಸು ಆ ತುತ್ತಿನೊಂದಿಗೆ ಮಕ್ಕಳಿಗೆ ಹೋಗುತ್ತದೆ ಅನ್ನುತ್ತೇವೆ. ಬೇಡ ಅಂದವರನ್ನು ನಾನಂತೂ ಕಂಡಿಲ್ಲ. ನಾನು ಐಗಾನಿಮಳನ್ನು ಬಿಟ್ಟು ಹೋಗುತ್ತೇನೆಂದೆ. ಅವಳು ಒಪ್ಪಲಿಲ್ಲ. "ಅಡಗಿ ಕೂತ್ರೆ ಕಲಿಯೋಕಾಗಲ್ಲ ಅಂತ ಅಮ್ಮ ಹೇಳಿದಾಳೆ" ಅಂದಳು. ನಿನ್ನ ಮೇಲೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಹಾಗಾಗಿ ಮನೆಯಲ್ಲೇ ತಾಲೀಮು ಮಾಡಿದೆವು. ನಾನು ನಿನ್ನ ಮಾವನ ಹಳೆಯ ಟೋಪಿ ತಲೆಗೇರಿಸಿ ದೊಡ್ಡವರಾದೆ, ರೊಟ್ಟಿಯ ತುಂಡು ಮಾಂಸವಾಯಿತು. "ಬಾರೇ ಪುಟ್ಟಿ, ಬಾಯಿ ತೆಗಿ" ಅಂದೆ. "ಬೇಡ ಅತಾ, ನನಗೆ ಹಾಲು ಆಗಲ್ಲ" ಎಂದು ಅಜ್ಜನಿಗೆ ಹೇಳುವ ಹಾಗೆಯೇ ಹೇಳಿದಳು. "ಹಾಲು ಎಲ್ಲೇ ಇದೆ ಇದರಲ್ಲಿ? ಕಣ್ಣು ಕಾಣಲ್ವಾ? ಮಾಂಸ ಇದು!" ಅಂದೆ. ಅದಕ್ಕೂ ಜಗ್ಗಲಿಲ್ಲ. ಆಗ ನಾನು ದನಿ ಇಳಿಸಿ, ಕಣ್ಣು ತುಂಬಿಕೊಂಡು, "ಈ ಮುದುಕ ಮುಂದಿನ ವರ್ಷಕ್ಕೆ ಇರ್ತಾನೋ ಇಲ್ವೋ, ಒಂದು ತುತ್ತು ನನ್ನ ಕೈಯಿಂದ ತಿನ್ನಬಾರದೇನೇ?" ಅಂದೆ. ನಂಬುತ್ತೀಯಾ, ಮಗುವಿನ ಬಾಯಿ ತಾನಾಗಿಯೇ ತೆರೆಯಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಇನ್ನೊಂದು ಸಲ ಮಾಡಿದೆವು, ಮತ್ತೆ ತೆರೆಯಿತು. ಮೂರನೆಯ ಸಲ ನಗಲಿಲ್ಲ ನಾವು.

"ಬೇರೆಯೋರಿಗೆ ಬೇಡ ಅನ್ನೋದು ಸುಲಭ ಅಜೆ. ನಮ್ಮೋರು ಅಳೋ ಥರ ಮುಖ ಮಾಡಿದ್ರೆ ನನಗೆ ಬೇಡ ಅನ್ನೋಕೆ ಬರಲ್ಲ" ಅಂದಳು.

ನಿನ್ನ ಮೂರು ಹಾಳೆಯಲ್ಲಿ ಇದಕ್ಕೆ ಔಷಧಿ ಬರೆದಿರಲಿಲ್ಲ ಮಗಳೇ. ನೀನು ಪಟ್ಟಣದಲ್ಲಿ ಬೆಳೆದವಳು, ನಿನಗೆ ತೋಚಿರಲಿಕ್ಕಿಲ್ಲ. ನಾನು ಯೋಚಿಸಿದೆ. ಹಿರಿಯರ ಕೈಗೆ ಬೇಡ ಅಂದರೆ ಅವಮಾನ, ಆದರೆ ಅವರ ಹರಕೆ ಕೇಳಿದರೆ ಯಾರಿಗೂ ಅವಮಾನವಿಲ್ಲ. "ಒಂದು ಕೈಯಿಂದ ಬಾಯಿ ಮುಚ್ಚಿಕೋ, ಇನ್ನೊಂದು ಕೈ ಎದೆಯ ಮೇಲಿಡು, ತಲೆ ಬಾಗಿಸಿ 'ತುತ್ತು ಬೇಡ ಅತಾ, ನನ್ನ ಹರಸಿ' ಅನ್ನು" ಎಂದು ಕಲಿಸಿದೆ. ಅವಳಿಗೆ ಇಷ್ಟವಾಯಿತು. ಹನ್ನೊಂದು ಸಲ ಮಾಡಿದೆವು. ಕೊನೆಯ ನಾಲ್ಕು ಸಲ ನಾನು ಎಷ್ಟು ಗೋಗರೆದರೂ ಬಾಯಿ ತೆರೆಯಲಿಲ್ಲ.

ಶನಿವಾರ ಹೋದೆವು. ಅವಳ ಊಟ ಅವಳ ಡಬ್ಬಿಯಲ್ಲಿ, ಪೆನ್ನು ಸೊಂಟದ ಚೀಲದಲ್ಲಿ. ನಾನು ಹೋದವಳೇ ಅಡುಗೆಮನೆಗೆ ನುಗ್ಗಿ, ಸಾರಿಗೆ ಹಾಲು ಗೀಲು ಹಾಕಿದ್ದೀರಾ ಎಂದು ಕೇಳಿದೆ. "ಅಯ್ಯೋ, ಸಾರಿಗೆ ಯಾರಾದ್ರೂ ಹಾಲು ಹಾಕ್ತಾರಾ ಚಿಕ್ಕಮ್ಮಾ? ಉಪ್ಪು, ಈರುಳ್ಳಿ, ಅಷ್ಟೇ" ಎಂದು ಆ ಮನೆಯ ಸೊಸೆಯರು ನಕ್ಕರು. ನನಗೆ ಸಮಾಧಾನವಾಯಿತು. ಬಾಗಿಲ ಬಳಿ ಚಹಾದ ನೀರು ಕುದಿಯುವ ಸಮೋವಾರದ ಹಿಂದೆ ನನ್ನ ಜಾಗದಲ್ಲಿ ಕೂತು ಚಹಾ ಹೊಯ್ಯತೊಡಗಿದೆ.

ಸ್ವಲ್ಪ ಹೊತ್ತಿಗೆ ಐಗಾನಿಮ್ ಬಂದು ನನ್ನ ಕಿವಿಯಲ್ಲಿ, "ಅಜೆ, ಸಾರಲ್ಲಿ ಕುರ್ತು ಇದೆ" ಅಂದಳು. ಹೇಗೆ ಗೊತ್ತಾಯಿತೆಂದೆ. "ಹಾಲು ಇದೆಯಾ ಅಂದ್ರೆ ಎಲ್ರೂ ಇಲ್ಲ ಅಂತಾರೆ. ನಾನು ಹೋಗಿ ಕುರ್ತು ಹಾಕಿದೀರಾ ಅಂತ ಕೇಳ್ದೆ. ಹೌದು, ಎಂಟು ಉಂಡೆ ಅಂದ್ರು." ನೋಡು ಅಕ್ಮಾರಲ್. ಬಸಿದ ಮೊಸರನ್ನು ಉಂಡೆ ಕಟ್ಟಿ, ಬಿಸಿಲಿಗೆ ಕಲ್ಲಿನಂತೆ ಒಣಗಿಸಿದ್ದು ಕುರ್ತು. ಪ್ರತಿ ಮನೆಯ ಚಾವಣಿಯ ಮೇಲೂ ಅದು ಒಣಗುತ್ತಿರುತ್ತದೆ. ಮಕ್ಕಳ ಜೇಬಿನಲ್ಲಿ, ಡ್ರೈವರನ ಗಾಡಿಯಲ್ಲಿ, ಸಾರಿನ ಹಂಡೆಯಲ್ಲಿ ಎಲ್ಲ ಕಡೆ ಇರುತ್ತದೆ, ಆದರೆ ನಮ್ಮಲ್ಲಿ ಯಾರೂ ಅದನ್ನು ಹಾಲು ಎಂದು ಎಣಿಸುವುದಿಲ್ಲ. ಕುರ್ತಿನ ಹೆಸರೇ ಮೊದಲು ಬಾಯಿಗೆ ಬರಬೇಕಿದ್ದ ಅರವತ್ತೆಂಟು ವರ್ಷದ ನಾನು ತಪ್ಪು ಪ್ರಶ್ನೆ ಕೇಳಿ ಸುಮ್ಮನೆ ಕೂತಿದ್ದೆ, ಎಂಟು ವರ್ಷದವಳು ಸರಿಯಾದ ಪ್ರಶ್ನೆ ಕೇಳಿ ಬಂದಿದ್ದಳು.

ಊಟ ಮುಗಿಯಿತು. ದೊಡ್ಡವರು ತೋಳು ಮಡಿಸಿ ಮಕ್ಕಳನ್ನು ಕರೆಯಲು ಶುರು ಮಾಡಿದರು. ಒಬ್ಬೊಬ್ಬರೂ ಹೋಗಿ ಕೆನ್ನೆ ಉಬ್ಬಿಸಿಕೊಂಡು ಬಂದರು. "ಅಲ್ಮಾಟಿಯ ಹುಡುಗಿ ಎಲ್ಲಿ? ನನ್ನ ತಮ್ಮನ ಮೊಮ್ಮಗಳು?" ಅಂದರು. ಐಗಾನಿಮ್ ಎದ್ದು ಹೋದಳು. ಕಲಿಸಿದ ಹಾಗೆಯೇ ಬಾಯಿಗೆ ಒಂದು ಕೈ, ಎದೆಗೆ ಒಂದು ಕೈ ಇಟ್ಟು, ತಲೆ ಬಾಗಿಸಿ ಹೇಳಿದಳು. ಅವರಿಗೆ ಕೇಳಿಸಲಿಲ್ಲ. "ಏನಂತೆ? ನಾಚಿಕೆನಾ?" ಎಂದು ನಕ್ಕರು. ಮಗು ಇನ್ನೊಮ್ಮೆ ಜೋರಾಗಿ ಹೇಳಿತು. ಪಕ್ಕದಲ್ಲಿದ್ದವನೊಬ್ಬ ಅವರ ಕಿವಿಗೆ ಬಾಯಿಟ್ಟು, "ಬೇಡವಂತೆ!" ಎಂದು ಕೂಗಿದ. ಬರೀ ಅಷ್ಟೇ ಕೂಗಿದ, ಹರಸಿ ಅನ್ನುವುದನ್ನು ನುಂಗಿಬಿಟ್ಟ.

ಸುತ್ತ ಕೂತವರು ಶುರು ಮಾಡಿದರು. ತಗೋ ಪುಟ್ಟಿ, ದೊಡ್ಡವರ ಕೈದು. ಒಂದು ತುತ್ತಿಗೆ ಏನಾಗತ್ತೆ. ಪಟ್ಟಣದ ಮಕ್ಕಳಿಗೆ ಎಲ್ಲದಕ್ಕೂ ಒಂದೊಂದು ಕಾಯಿಲೆ. ದೊಡ್ಡವರು ಮಾತ್ರ ನಗಲಿಲ್ಲ. ಎತ್ತಿದ ಕೈಯನ್ನು ಹಾಗೇ ಹಿಡಿದುಕೊಂಡು, "ಎಂಬತ್ತನಾಲ್ಕು ವರ್ಷ ಆಯ್ತು ಕಣೇ ಕೂಸೇ ನನಗೆ. ನನ್ನ ಕೈ ಅಷ್ಟು ಹೊಲಸಾಯ್ತಾ?" ಅಂದರು. ನಿಜವಾಗಿಯೂ ಅವರ ಕಣ್ಣು ತುಂಬಿತ್ತು. ತಾಲೀಮಿನಲ್ಲಿ ನಾನು ಸುಳ್ಳು ಅಳು ಅತ್ತಿದ್ದೆ, ಇದು ನಿಜದ ಅಳು. ಐಗಾನಿಮಳ ಕೈ ಬಾಯಿಂದ ನಿಧಾನಕ್ಕೆ ಕೆಳಗಿಳಿಯಿತು. ಸಾರು ತೊಟ್ಟಿಕ್ಕುತ್ತಿದ್ದ ಆ ಮುಷ್ಟಿ ಅವಳ ಮುಖದ ಹತ್ತಿರ ಬಂತು. ಅವಳ ತುಟಿ ಬಿಚ್ಚಿಕೊಳ್ಳುವುದು ನನಗೆ ಕೋಣೆಯ ಈ ತುದಿಯಿಂದ ಕಾಣಿಸಿತು.

ನಾನು ಯಾವಾಗ ಎದ್ದೆನೋ ಗೊತ್ತಿಲ್ಲ. ಕೈಯಲ್ಲಿದ್ದ ಬಟ್ಟಲು ಎಲ್ಲಿ ಬಿತ್ತೋ ಗೊತ್ತಿಲ್ಲ. "ಸೆಯಿತ್ಕಾಲಿ! ನಿಲ್ಲಿಸು ಕೈ!" ಎಂದು ಕೂಗಿದೆ. ಹೌದು, ಹೆಸರು ಹಿಡಿದು, ಏಕವಚನದಲ್ಲಿ ಕೂಗಿದೆ. ಎಂದೂ ಏನೂ ಕೇಳಿಸದ ಆ ಕಿವಿಗೆ ಅದು ಕೇಳಿಸಿತು. ಕೈ ಅಲ್ಲೇ ನಿಂತಿತು. ನಲವತ್ತು ಮುಖ ನನ್ನ ಕಡೆ ತಿರುಗಿದವು. ಆಗ ನಾನು ಆ ಮಾತು ಆಡಿದೆ. "ಅದರಲ್ಲಿ ಕುರ್ತು ಇದೆ, ಕುರ್ತು ಅಂದ್ರೆ ಹಾಲು. ಅದು ಇವಳ ಪ್ರಾಣ ತೆಗೆಯುತ್ತೆ. ನನಗೆ ಗೊತ್ತು. ನಾನೇ ಒಂದ್ಸಲ ಬೇಕೂಂತ ಹಾಕಿ ಕೊಟ್ಟಿದೀನಿ. ಇವಳ ತುಟಿ ನೀಲಿಯಾಗಿದ್ದನ್ನ ಈ ಕಣ್ಣಲ್ಲೇ ನೋಡಿದೀನಿ."

ಸರಿಯಾಗಿಯೇ ಓದಿದೆ ಮಗಳೇ. ಬೇಕೆಂದೇ.

ಎರಡು ವರ್ಷದ ಹಿಂದೆ, ಚಳಿಗಾಲಕ್ಕೆ ಕುದುರೆ ಕೊಯ್ಯುವ ತಿಂಗಳಲ್ಲಿ, ಸಾರು ಕುಡಿದು ಮಗುವಿನ ಮುಖ ಊದಿ, ಉಸಿರು ಕಟ್ಟಿ, ಊರಿನ ನರ್ಸ್ ಓಡಿಬಂದು ಇಂಜೆಕ್ಷನ್ ಕೊಟ್ಟು, ಪಕ್ಕದ ಮನೆಯವನ ಗಾಡಿಯಲ್ಲಿ ನಲವತ್ತು ಕಿಲೋಮೀಟರು ದೂರದ ಆಸ್ಪತ್ರೆಗೆ ಹೋದೆವಲ್ಲ, ಆಗ ನಾನು ನಿನಗೆ ಏನು ಹೇಳಿದೆ? ಮುದುಕಿ, ಮರೆತುಬಿಟ್ಟೆ, ಸಾರಿನಲ್ಲಿ ಕುರ್ತು ಇದ್ದದ್ದು ನೆನಪಾಗಲಿಲ್ಲ ಅಂದೆ. ನೀನು ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದೆ. ಎರ್ಮೆಕ್ ನನ್ನ ಪರ ನಿಂತ. ಅಮ್ಮನಿಗೆ ವಯಸ್ಸಾಯಿತು, ಮರೆವು, ಎಂದು ನಿನ್ನ ಜೊತೆ ಜಗಳವಾಡಿದ ಎಂದೂ ಕೇಳಿದೆ. ನಾನು ಅವನನ್ನು ತಡೆಯಲಿಲ್ಲ. ನನಗೆ ಮರೆವಿಲ್ಲ ಅಕ್ಮಾರಲ್. ಮೂವತ್ತು ವರ್ಷದ ಹಿಂದಿನ ಹಸುಗಳ ಹೆಸರನ್ನು ಸಾಲಾಗಿ ಹೇಳಬಲ್ಲೆ.

ಆವತ್ತು ಸಾರಿನ ಹಂಡೆಯಲ್ಲಿ ಕುರ್ತು ಇರಲೇ ಇಲ್ಲ. ಅವಳ ಬಟ್ಟಲಿಗೆ ಮಾತ್ರ ಉಗುರಿನಷ್ಟು ಪುಡಿ ಮಾಡಿ ಹಾಕಿದೆ. ನನ್ನ ಹಾಲು ಕುಡಿದು ಮೂರು ಹಳ್ಳಿಯ ಮಕ್ಕಳು ಬೆಳೆದರು, ನನ್ನ ಮೊಮ್ಮಗಳಿಗೆ ಅದು ವಿಷ ಹೇಗಾದೀತು ಎಂಬ ಸೊಕ್ಕು ನನಗೆ. ಪಟ್ಟಣದ ಡಾಕ್ಟರು ಹೆದರಿಸಿದ್ದಾರೆ, ಸೊಸೆ ನಂಬಿಕೊಂಡಿದ್ದಾಳೆ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿದರೆ ಸರಿಹೋಗುತ್ತದೆ, ಆಮೇಲೆ ಎಲ್ಲರೆದುರು ನಗುತ್ತಾ ಹೇಳಿದರಾಯಿತು ಅಂದುಕೊಂಡಿದ್ದೆ. ಹಾಗೆ ನಿಧಾನವಾಗಿ ರೂಢಿ ಮಾಡಿಸುವ ಚಿಕಿತ್ಸೆಯೂ ಇದೆಯಂತೆ, ಆದರೆ ಅದು ದೊಡ್ಡ ಡಾಕ್ಟರ ಕಣ್ಣೆದುರು, ಅಳತೆಯ ಮೇಲೆ ಆಗಬೇಕಾದದ್ದು ಎಂದು ಆಮೇಲೆ ನರ್ಸ್ ನನಗೆ ಹೇಳಿದಳು. ಅವಳಿಗೂ ನಾನು ನಿಜ ಹೇಳಿರಲಿಲ್ಲ, ಸುಮ್ಮನೆ ಕೇಳುವವಳಂತೆ ಕೇಳಿದ್ದೆ.

ಇಷ್ಟು ದಿನ ಯಾಕೆ ಬಚ್ಚಿಟ್ಟೆ ಎಂದು ಕೇಳುತ್ತೀಯ. ಮಗುವನ್ನು ಮತ್ತೆ ನೋಡಬೇಕಿತ್ತು, ಅಷ್ಟೇ. ಮರೆತ ಅಜ್ಜಿಯನ್ನು ಒಂದು ದಿನ ಕ್ಷಮಿಸಬಹುದು, ಬೇಕೆಂದೇ ಮಾಡಿದವಳನ್ನು ಯಾರು ಕ್ಷಮಿಸುತ್ತಾರೆ?

ದೊಡ್ಡ ಮನೆಯಲ್ಲಿ ಮುಂದೇನಾಯಿತೆಂದು ಹೇಳಿ ಮುಗಿಸುತ್ತೇನೆ. ನಾನು ಕೂಗಿ ನಿಂತಿದ್ದೆನಷ್ಟೇ, ನನ್ನಿಂದ ಇನ್ನೇನೂ ಆಗಲಿಲ್ಲ. ಮಿಕ್ಕದ್ದು ಮಾಡಿದವಳು ಐಗಾನಿಮ್. ಕೈಯನ್ನು ಮತ್ತೆ ಬಾಯಿಗೆ ಒತ್ತಿಕೊಂಡಳು. ಒಂದು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಅತಾ, ನಿಮ್ಮ ಕೈ ಹೊಲಸಲ್ಲ. ನನಗೆ ಕುರ್ತು ಆಗಲ್ಲ. ತುತ್ತು ಬೇಡ, ನನ್ನ ಹರಸಿ" ಅಂದಳು. ಒಂದು ಪದವೂ ಬಿಡದೆ ಪೂರ್ತಿ ಹೇಳಿದಳು. ಹೊಲಸಲ್ಲ ಅನ್ನುವ ಮಾತು ನಾನು ಕಲಿಸಿದ್ದಲ್ಲ.

ದೊಡ್ಡವರು ಅವಳನ್ನೇ ನೋಡಿದರು, ಆಮೇಲೆ ತಮ್ಮ ಮುಷ್ಟಿಯನ್ನು. ಎತ್ತಿದ ತುತ್ತನ್ನು ಹರಿವಾಣಕ್ಕೆ ಹಿಂದಕ್ಕೆ ಹಾಕುವಂತಿಲ್ಲವಲ್ಲ. "ಏ ನಮ್ಮನೆ ಸೊಸೆ, ಇಲ್ಲಿ ಬಾ" ಎಂದು ನನ್ನನ್ನು ಕರೆದರು. ಇವತ್ತು ನನ್ನ ಮಾನ ಹೋಯಿತೆಂದು ತಲೆ ತಗ್ಗಿಸಿಕೊಂಡು ಹೋದೆ. ಆ ಮುಷ್ಟಿಯನ್ನು ಪೂರ್ತಿಯಾಗಿ ನನ್ನ ಬಾಯಿಗೆ ತುರುಕಿದರು. "ಇನ್ನು ಸ್ವಲ್ಪ ಹೊತ್ತು ಇವಳು ಸುಮ್ನಿರ್ತಾಳೆ" ಅಂದರು. ಮನೆಯ ತುಂಬ ನಗು. ನಾನು ಅಗಿಯಲಾಗದೆ, ಅಳಲಾಗದೆ ಅಲ್ಲೇ ಕೂತೆ. ಅವರು ನೀರು ತರಿಸಿ, ಸೋಪು ತರಿಸಿ, ಮೊಣಕೈವರೆಗೆ ಕೈ ತೊಳೆದುಕೊಂಡು, ಆ ಮೇಲೆ ಎರಡೂ ಅಂಗೈ ತೆರೆದು ನಿನ್ನ ಮಗಳನ್ನು ಹರಸಿದರು. ಮರಿಮಗನನ್ನು ಹರಸಿದ್ದಕ್ಕಿಂತ ಹೆಚ್ಚು ಹೊತ್ತು ಹರಸಿದರು.

ಹೊರಡುವಾಗ ನಾನು ಕ್ಷಮೆ ಕೇಳಲು ಹೋದೆ. ಅವರು ಹಿಂದೆ ಮುಂದೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, "ಇನ್ನೊಂದ್ಸಲ ಕರಿ" ಅಂದರು. ನನಗೆ ಅರ್ಥವಾಗಲಿಲ್ಲ. "ನನ್ನ ಹೆಸರು ಹಿಡಿದು ಕರೆಯೋರೆಲ್ಲ ಮಣ್ಣಿಗೆ ಹೋದ್ರು. ಹದಿನೈದು ವರ್ಷದಿಂದ ನಾನು ಬರೀ ಅತಾ, ಬರೀ ದೊಡ್ಡವರು. ಇನ್ನೊಂದ್ಸಲ ಕರಿಯೇ" ಅಂದರು. ನನ್ನಿಂದ ಆಗಲಿಲ್ಲ. ಭಯದಲ್ಲಿ ಬಂದದ್ದು, ಬೇಕೆಂದಾಗ ನಾಲಿಗೆಯ ಮೇಲೆ ಬರಲಿಲ್ಲ.

ಇಷ್ಟೇ ಮಗಳೇ. ಕ್ಷಮಿಸು ಎಂದು ಬರೆಯಲು ನನಗೆ ಮುಖವಿಲ್ಲ, ಆದರೂ ಬರೆಯುತ್ತಿದ್ದೇನೆ, ಕ್ಷಮಿಸು. ಎರ್ಮೆಕನಿಗೆ ನೀನೇ ಹೇಳು. ಮರೆವು ಮರೆವು ಎಂದು ಅವನು ನಿನ್ನ ಬಾಯಿ ಮುಚ್ಚಿಸಿದ್ದಕ್ಕೆ ನಿನ್ನ ಕಾಲು ಹಿಡಿಯಲಿ. ಗುರುವಾರದ ಬಸ್ಸಿಗೆ ನಾನೇ ಮಗುವನ್ನು ಕರೆತರುತ್ತೇನೆ. ನೀನು ಬಾಗಿಲಲ್ಲೇ ಅವಳನ್ನು ಒಳಗೆ ಕರೆದುಕೊಂಡು, ನೀವಿನ್ನು ಹೊರಡಿ ಎಂದರೆ ಹೊರಡುತ್ತೇನೆ. ಅವಳ ಹೊಸ ಬಟ್ಟಲು, ಚಮಚ, ಸೌಟು ಮಾತ್ರ ಇಲ್ಲೇ ಗೂಡಿನಲ್ಲಿರುತ್ತವೆ.

ಬೇಗ ಗುಣವಾಗು.

ನಿನ್ನ ಅತ್ತೆ,
ಶಾರ್ಬಾನು

ಮರೆತ ಮಾತು: ಮರೆತದ್ದಲ್ಲ, ಕಾಗದ ಮಡಿಸಿದ ಮೇಲೆ ತಿಳಿದದ್ದು. ಈಗ ಮಧ್ಯಾಹ್ನ. ಐಗಾನಿಮಳನ್ನು ಕರೆದು, ಆ ಸಾರಿನ ವಿಷಯ ನಿಮ್ಮಮ್ಮನಿಗೆ ಬರೆದಿದ್ದೇನೆ, ನನ್ನ ಮೇಲೆ ಕೋಪ ಮಾಡಿಕೊಂಡಾಳು ಅಂದೆ. ಕರುವಿನ ಹಗ್ಗ ಬಿಡದೆಯೇ, "ನನಗೆ ಆವತ್ತೇ ಗೊತ್ತಿತ್ತು ಅಜೆ. ನೀನು ಕುರ್ತು ಪುಡಿ ಮಾಡಿ ನನ್ನ ಬಟ್ಟಲಿಗೆ ಹಾಕೋದನ್ನ ನೋಡಿದ್ದೆ" ಅಂದಳು. ಆಗ ಅವಳಿಗೆ ಆರು ವರ್ಷ. ಮತ್ತೆ ಯಾಕೆ ಕುಡಿದೆ ಎಂದು ಕೇಳಿದೆ. "ನಾನು ಕುಡೀತೀನಾ ಅಂತ ನೀನು ಅಷ್ಟು ಆಸೆಯಿಂದ ನೋಡ್ತಿದ್ದೆ. ಬೇಡ ಅಂದ್ರೆ ನಿನಗೆ ಬೇಜಾರಾಗ್ತಿತ್ತು." ಅಮ್ಮನಿಗೆ ಯಾಕೆ ಹೇಳಲಿಲ್ಲ ಅಂದೆ. "ಹೇಳಿದ್ರೆ ನನ್ನ ಇಲ್ಲಿಗೆ ಕಳಿಸ್ತಿರಲಿಲ್ಲ." ಅಕ್ಮಾರಲ್, ಅಂಗಡಿಯವನಿಗೆ, ಪಕ್ಕದ ಮನೆಯವರಿಗೆ, ಕೊನೆಗೆ ದೊಡ್ಡವರಿಗೂ ಬೇಡ ಅನ್ನಲು ಅವಳು ಕಲಿತಿದ್ದಾಳೆ. ನನಗೆ ಬೇಡ ಅನ್ನಲು ಇನ್ನೂ ಬರುವುದಿಲ್ಲ. ಅದನ್ನು ನಾನೇ ಕಲಿಸಬೇಕು, ನನ್ನ ಹತ್ತಿರವೇ ಕಲಿಯಬೇಕು. ಇನ್ನು ಮೂರು ದಿನ ಇದೆ. ಮೂರು ದಿನ ಸಾಲದೆ ಹೋದರೆ, ಮುಂದಿನ ಬೇಸಿಗೆಗೆ ಕಳಿಸಿಕೊಡು.